ಕಿರುಬೆರಳಿನ ಸಾಲು

ಇನ್ನೊಬ್ಬರ ಮನೆಯ ಸಂಗತಿಯನ್ನು ನಾನು ಹೇಳಹೊರಡುವುದು ಅಧಿಕಪ್ರಸಂಗವೇ, ಹೆಚ್ಚುಕಡಿಮೆಯಾದರೆ ಮನ್ನಿಸಬೇಕು. ತೀರಿಕೊಂಡ ಅಪ್ಪನ ಫೋನನ್ನು ಮಗಳು ಒಗೆಯುವ ಬಟ್ಟೆಗಳ ಬುಟ್ಟಿಯ ತಳಕ್ಕೆ ತುರುಕುತ್ತಿದ್ದಳು. ಅದು ಅಲ್ಲಿಂದಲೇ ಮತ್ತೆ ಗುಂಯ್‌ಗುಟ್ಟಿತು. ಬೇಡ ಬೇಡವೆಂದುಕೊಂಡೇ ತೆಗೆದು ನೋಡಿದಳು.

'ತೂಕದಣ್ಣಾ, ಮಕ್ಕಳ ಚರಿತ್ರೆ ಪುಸ್ತಕ ಇವತ್ತು ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತೆ. ನಿಮ್ಮ ಅಳತೆಯವಳು ಹದಿನೇಳನೇ ಪುಟದಲ್ಲಿದ್ದಾಳೆ. ಒಂದೇ ಒಂದು ಸಲ ಉತ್ತರ ಕೊಡಿ. ಇಂತಿ, ಗೂಬೆ.'

ಅವಳು ಒತ್ತಿದಳು: 'ಅಪ್ಪ ತೀರಿಕೊಂಡರು. ಮಧ್ಯಾಹ್ನ ಮೂರಕ್ಕೆ ಮಣ್ಣು.' ಮನೆಯ ವಿಳಾಸವನ್ನೂ ಹಾಕಿದಳು. ಅಪ್ಪ ಹೇಳು ಎಂದಿದ್ದ ಮಾತನ್ನು ಮಾತ್ರ ಒತ್ತಲಾಗಲಿಲ್ಲ.

ತಕ್ಷಣ ಉತ್ತರ ಬಂತು: 'ಹೊರಟೆ.'

ಹಾಲ್‌ನಲ್ಲಿ ಮೂಲೆಯಂಗಡಿಯ ದಿನಸಿ ವ್ಯಾಪಾರಿ ಹೇಳುತ್ತಿದ್ದ: "ನನ್ನ ತಕ್ಕಡೀನ ಮೂರು ಸಲ ಹೊತ್ಕೊಂಡು ಹೋದ್ರು ಮಹಾನುಭಾವ್ರು. ಮೂರು ಸಲಾನೂ ಬಾಯಿಗೆ ಬಂದಂಗೆ ಬೈದೆ. ಬರೀ ನಕ್ರು."

"ನಿನ್ನ ತಕ್ಕಡಿ ಗಾಳೀನೂ ತೂಗ್ತಿತ್ತಲ್ಲಪ್ಪ," ಎಂದಳು ಸೋದರತ್ತೆ. ಅಳುತ್ತಿದ್ದವರೂ ನಕ್ಕರು. "ಹುಟ್ಟಿದಾಗಿನಿಂದ ಒಂದು ಸುಳ್ಳಾಡಿದೋನಲ್ಲ ನನ್ನ ತಮ್ಮ. ಸಮಾಧಿ ಕಲ್ಲಿನ ಮೇಲೂ ಹಾಗೇ ಬರೆಸೋಣ. ಏನೇ, ಸರಿ ತಾನೇ?"

ಮಗಳು ಹೂಂ ಎಂದು ತಲೆಯಾಡಿಸಿದಳು.

*

ಅಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ನಿವೃತ್ತರಾದ ಮೇಲೆ ಪ್ರಾಚೀನ ರಾಣಿಯೊಬ್ಬಳ ಟಿವಿ ಧಾರಾವಾಹಿಗೆ ಅಂಟಿಕೊಂಡರು. ಅದರ ಅಭಿಮಾನಿಗಳು ಅದೇ ಪಾತ್ರಗಳನ್ನಿಟ್ಟುಕೊಂಡು ತಮ್ಮ ತಮ್ಮ ಕತೆಗಳನ್ನು ಬರೆದು ಹಾಕುವ ತಾಣವೊಂದಿತ್ತು. ಎಲ್ಲರೂ ರಾಣಿಗೂ ಸೇನಾಪತಿಗೂ ಮುಗಿಬಿದ್ದರೆ, ಅಪ್ಪ ಹುಡುಕಿ ತೆಗೆದದ್ದು ಆ ಕಾಲದಲ್ಲಿ ಬರಹ ಕೊರೆದಿಟ್ಟ ಮಣ್ಣಿನ ಹಲಗೆಯೊಂದರಲ್ಲಿ ಒಂದೇ ಸಾಲಿನಷ್ಟು ಬದುಕಿದ್ದ ಹೆಂಗಸನ್ನು. 'ಕಾಳು ಅಳೆಯುವವಳು ಬಂದಳು, ನಿಂತಳು.' ಅಲ್ಲಿಗೆ ಹಲಗೆ ಒಡೆದಿದೆ. ಒಡೆದಲ್ಲಿಂದ ಮುಂದೆ ಅಪ್ಪ ತೂಕದಣ್ಣ ಎಂಬ ಹೆಸರಿನಲ್ಲಿ ನಲವತ್ತು ಅಧ್ಯಾಯ ಬರೆದರು.

ಪ್ರತಿ ಅಧ್ಯಾಯದ ಕೊನೆಗೆ ಟಿಪ್ಪಣಿ ಹಾಕುವುದು ಅಲ್ಲಿಯ ಪದ್ಧತಿ: ಇಷ್ಟು ಇತಿಹಾಸದ್ದು, ಇಷ್ಟು ನನ್ನ ಕಲ್ಪನೆ. ತಕ್ಕಡಿಗೆ ಮುದ್ರೆ ಒತ್ತುವಷ್ಟೇ ನಿಷ್ಠೆಯಿಂದ ಅಪ್ಪ ಹಾಕುತ್ತಿದ್ದರು. ಒಂದು ಸಲ ಮರೆತರು.

"ಒಂಬತ್ತನೇದಕ್ಕೆ ಹಾಕ್ಲಿಲ್ಲ ಮಗಳೇ," ಎಂದಿದ್ದರು ಆಸ್ಪತ್ರೆಯ ಮಂಚದಲ್ಲಿ.

"ಹೋಗ್ಲಿ ಬಿಡಪ್ಪ."

"ಬಿಡೋದು ಹೇಗೆ? ಅವಳ ಎಡಗೈಯಲ್ಲಿ ಕಿರುಬೆರಳು ಅರ್ಧಾನೇ ಇತ್ತು ಅಂತ ಬರೆದೆ. ಟಿಪ್ಪಣಿ ಇಲ್ಲ ನೋಡು, ಓದಿದೋರೆಲ್ಲ ನಿಜ ಅಂದ್ಕೊಂಡು ಅವರವರ ಕತೇಲೂ ಬೆರಳು ಕತ್ತರಿಸಿದ್ರು. ಈಗ ಮಕ್ಕಳ ಪುಸ್ತಕಕ್ಕೂ ಬರ್ತಿದೆಯಂತೆ. ಅದು ನನ್ನ ಕಲ್ಪನೆ ಅಂತ ಆ ಗೂಬೆಗೆ ನೀನು ಹೇಳ್ಬಿಡು."

"ಯಾರಿಗೆ?"

"ಅಲ್ಲಿ ಅವಳ ಹೆಸರೇ ಗೂಬೆ. ನನಗೆ ಹೆದರಿಕೆ ಆಗತ್ತೆ ಕಣೇ."

ಇಡೀ ಸಂತೆಯ ವ್ಯಾಪಾರಿಗಳ ಎದುರು ಅಲುಗದೆ ನಿಂತ ಅಪ್ಪ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಅರ್ಧ ಬೆರಳು ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಅಮ್ಮ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿದ್ದಾಗ ಕಾಗದ ಕತ್ತರಿಸುವ ಯಂತ್ರ ಅವಳ ಎಡ ಕಿರುಬೆರಳನ್ನು ಅರ್ಧಕ್ಕೆ ತೆಗೆದಿತ್ತು. ರಸ್ತೆ ದಾಟುವಾಗ ಮಗಳು ಹಿಡಿಯುತ್ತಿದ್ದುದು ಅದನ್ನೇ. ಪುಟ್ಟ ಮುಷ್ಟಿಗೆ ಸರಿಯಾಗಿ ಕೂರುತ್ತಿತ್ತು. ಅಮ್ಮ ಹೋಗಿ ಹನ್ನೆರಡು ವರ್ಷ. ಇರುವ ಎಲ್ಲ ಫೋಟೊಗಳಲ್ಲೂ ಅವಳ ಎಡಗೈ ಬೆನ್ನ ಹಿಂದಿದೆ.

*

ಎರಡೂವರೆಗೆ ದಪ್ಪ ಕನ್ನಡಕದ, ಐವತ್ತು ದಾಟಿದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು.

"ನೀವು ಯಾರು ಗೊತ್ತಾಗ್ಲಿಲ್ಲ," ಎಂದಳು ಸೋದರತ್ತೆ.

"ನಾನು... ಗೂಬೆ."

"ಹಾಗೆಲ್ಲ ಅಂದ್ಕೋಬಾರದಮ್ಮ. ಕನ್ನಡಕ ದೊಡ್ಡದಾದ್ರೆ ಏನಾಯ್ತೀಗ?"

ಮಗಳು ಅವಳನ್ನು ಅಡುಗೆಮನೆಗೆ ಕರೆದೊಯ್ದಳು. ಗೂಬೆ ಶಾಲೆಯೊಂದರಲ್ಲಿ ಚರಿತ್ರೆಯ ಮೇಡಂ, ಮಕ್ಕಳ ಪುಸ್ತಕ ಬರೆದವಳೂ ಅವಳೇ. ಕಣ್ಣೊರೆಸಿಕೊಂಡು ಚೀಲದಿಂದ ಹದಿನೇಳನೇ ಪುಟದ ಕರಡನ್ನು ತೆಗೆದಳು. ಚಿತ್ರದಲ್ಲಿ ಹೆಂಗಸೊಬ್ಬಳು ಎಡಗೈಯಲ್ಲಿ ತಕ್ಕಡಿ ಎತ್ತಿ ಹಿಡಿದಿದ್ದಳು. ನಾಲ್ಕು ಬೆರಳು, ಪಕ್ಕದಲ್ಲಿ ಮೊಂಡಾದ ಇನ್ನೊಂದು. ಬೆನ್ನ ಹಿಂದಿನಿಂದ ಆ ಕೈ ಮುಂದೆ ಬಂದಿತ್ತು.

"ಒಂದು ಮಾತು ಹೇಳ್ಬೇಕಿತ್ತು..." ಎಂದಳು ಮಗಳು. ಹೇಳಿದರೆ ಅಪ್ಪ ಸುಳ್ಳುಗಾರ. ಆ ಬೆರಳೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. "ಚೆನ್ನಾಗಿ ಬಂದಿದೆ," ಎಂದಳು.

ಸ್ಮಶಾನದಲ್ಲಿ ಮೂರನೇ ಹಿಡಿ ಮಣ್ಣು ಬೀಳುತ್ತಿದ್ದಾಗ ಸೋದರತ್ತೆ ಕಲ್ಲು ಕೆತ್ತುವವನಿಗೆ ಹೇಳುತ್ತಿದ್ದುದು ಕೇಳಿಸಿತು: "ಸುಳ್ಳಾಡದವನು ಅಂತ. ಅಕ್ಷರ ದೊಡ್ಡದಿರ್ಲಿ."

ಮಗಳು ಮಣ್ಣಿನ ಕೈಯಲ್ಲೇ ಗೂಬೆಯ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಎಲ್ಲ ತಡವಾಗಿ ಗಂಟೆ ನಾಲ್ಕೂ ನಲವತ್ತಾಗಿತ್ತು; ಐದಕ್ಕೆ ಅಚ್ಚು.

"ಆ ಬೆರಳು..."

"ಅದನ್ನು ಕೇಳೋಕೇ ಅಷ್ಟೊಂದು ಮೆಸೇಜು ಹಾಕಿದ್ದು ನಾನು, ಸಾವಿನ ಮನೇಲಿ ಬಾಯಿ ಬರ್ಲಿಲ್ಲ," ಎಂದಳು ಗೂಬೆ. "ಆಧಾರ ಕೊಡಿ ಅಂತ ಪ್ರಕಾಶಕರು ಪ್ರಾಣ ತಿಂತಿದಾರೆ. ಸಿಕ್ಕೇ ಸಿಗತ್ತೆ ಅಂತ ಮಾತು ಕೊಟ್ಟುಬಿಟ್ಟಿದ್ದೆ. ಏನು ಆಧಾರ?"

"ನಮ್ಮಮ್ಮ."

ಗೂಬೆ ಬಹಳ ಹೊತ್ತು ಕನ್ನಡಕ ಒರೆಸಿದಳು. "ಪುಸ್ತಕ ಓದೋದು ಮಕ್ಕಳು, ಅಲ್ವಾ," ಎಂದಳು ಕೊನೆಗೆ, ಯಾರನ್ನೋ ಕ್ಷಮೆ ಕೇಳುವವಳಂತೆ. ಆಮೇಲೆ ಫೋನ್ ತೆಗೆದು ಬೆನ್ನು ತಿರುಗಿಸಿದಳು. "ಹದಿನೇಳನೇ ಪುಟ. ಬೆರಳಿನ ಸಾಲು ತೆಗೀರಿ... ತಪ್ಪು ನಂದೇ, ನಾನು ನೋಡ್ಕೋಬೇಕಿತ್ತು... ಹೂಂ, ಚಿತ್ರಾನೂ ತೆಗೀರಿ."

ಸ್ಮಶಾನದ ಗೇಟಿನ ಹೊರಗೆ ಲಾರಿಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ರಸ್ತೆ ದಾಟಲು ಗೂಬೆ ಎಡಗೈ ಚಾಚಿದಳು. ಮಗಳು ಅತ್ತಿತ್ತ ನೋಡುತ್ತಲೇ, ತನಗರಿವಿಲ್ಲದೆ, ಅದರ ಕಿರುಬೆರಳೊಂದನ್ನೇ ಹಿಡಿದುಕೊಂಡಳು. ನಡುರಸ್ತೆಯಲ್ಲಿ ಕೆಳಗೆ ನೋಡಿದಳು. ಬೆರಳಿನ ತುದಿ ಮುಷ್ಟಿಯ ಆಚೆ ಉದ್ದಕ್ಕೆ ಚಾಚಿಕೊಂಡಿತ್ತು.

ಆ ಅಳತೆಯವಳಿಗೆ ನಿಜಕ್ಕೂ ಎಷ್ಟು ಬೆರಳಿದ್ದವೋ, ನನಗೆ ಗೊತ್ತಿಲ್ಲ.