ಮಂಗಳಾಳ ಕಾಲುಂಗುರ

ನನ್ನ ಸೊಸೆ ಮಂಗಳಾ ಹಿಮಾಲಯಕ್ಕೆ ಹೊರಟು ನಿಂತಾಗ ರಾಯದುರ್ಗದ ನಮ್ಮ ಕೇರಿಗೆ ಕೇರಿಯೇ ನಕ್ಕಿತು. ನಗದೆ ಇನ್ನೇನು ಮಾಡುತ್ತಾರೆ? ಕಾಲೇಜಿನಲ್ಲಿ ಕಲ್ಲು ಮಣ್ಣಿನ ಪಾಠ ಹೇಳುವವಳು ದಿನಾ ಬೆಳಗ್ಗೆ ಬೆನ್ನಿಗೆ ರಾಗಿ ಚೀಲ ಬಿಗಿದುಕೊಂಡು, ಹಿಮದ ಬೂಟು ಹಾಕಿಕೊಂಡು ಕೋಟೆ ಬೆಟ್ಟ ಹತ್ತಿ ಇಳಿಯುತ್ತಿದ್ದಳು.

"ಏನ್ರಿ ನಾಗಕ್ಕ, ಕತ್ತೆ ಸಾಕೋದು ಬಿಟ್ಟು ಸೊಸಿ ಮ್ಯಾಲ ಹೊರೆ ಹೇರೀರೇನು?" ಎಂದು ಪಕ್ಕದ ಮನೆಯ ನರಸಮ್ಮ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಅದೇನೋ ಹಿಮನದಿಯಂತೆ. ಅದು ಎಷ್ಟು ಕರಗಿದೆ ಎಂದು ಅಳೆಯಲು ಮಂಜಿನ ಮೇಲೆ ತಿಂಗಳುಗಟ್ಟಲೆ ನಡೆಯಬೇಕಂತೆ. ತನ್ನನ್ನು ತಂಡಕ್ಕೆ ಆರಿಸಿದ್ದಾರೆ ಎಂದು ತಿಳಿದ ದಿನ ಅಗಳಿಯ ತವರಿಗೆ ಫೋನ್ ಮಾಡಿ ಗೊಳೋ ಎಂದು ಅತ್ತಳು. ವರ್ಷಗಟ್ಟಲೆ ಕಾದಿದ್ದಳಂತೆ, ಈ ಸಲ ತಪ್ಪಿದರೆ ವಯಸ್ಸು ಮೀರುತ್ತದಂತೆ.

ಹೊರಡಲು ಎರಡು ವಾರ ಇದೆ ಎನ್ನುವಾಗ ನನ್ನ ಮುಂದೆ ಬಂದು ಕೂತಳು.

"ಅತ್ತೆ, ಮೈಮ್ಯಾಲೆ ಬೆಳ್ಳಿ ಬಂಗಾರ ಏನೂ ಇರ್ಬಾರ್ದಂತೆ. ಆ ಚಳೀಗೆ ಬೆರಳೇ ಕೊಳ್ತು ಹೋಗ್ತಾವೆ. ಕಾಲುಂಗುರ ತೆಗೀಬೇಕು. ಬಜಾರಾಗೆ ಆಚಾರಿ ಹತ್ರ ಹೋದ್ರೆ ಕತ್ತರಿಸಿ ಕೊಡ್ತಾನೆ."

ಮದುವೆಯಲ್ಲಿ ತೊಡಿಸಿದ ಬೆಳ್ಳಿ. ಬೆರಳು ದಪ್ಪಗಾಗಿ ಉಂಗುರ ಮಾಂಸದೊಳಗೆ ಕೂತುಬಿಟ್ಟಿತ್ತು.

"ನನ್ನ ಮಗ ಇನ್ನಾ ಉಸಿರಾಡಾಕತ್ಯಾನ. ಕಾಲುಂಗುರ ಯಾವಾಗ ತಗೀತಾರ ಅಂತ ಗೊತ್ತೈತೇನವ್ವ?" ಅಂದೆ.

"ಗೊತ್ತು. ಬಂದ ಮ್ಯಾಕೆ ಮತ್ತೆ ಹಾಕ್ಕಂತೀನಿ."

ನನ್ನ ಮಗ ಮುತ್ತುರಾಜ್ ಇಬ್ಬರ ಮುಖವನ್ನೂ ನೋಡಿದ. "ಅವ್ವ ಹೇಳಿದಂಗ ಮಾಡು" ಎಂದು ಕುರಿಹಟ್ಟಿ ಕಡೆ ನಡೆದುಬಿಟ್ಟ. ಅವಳು ಬರುವ ತನಕ ಮೊಮ್ಮಗಳು ಗಂಗೋತ್ರಿಯನ್ನು ನೋಡಿಕೊಳ್ಳಬೇಕಾದವಳು ನಾನು. ನನ್ನ ಮಾತು ಮೀರಿ ಎಲ್ಲಿಗೆ ಹೋಗುತ್ತಾಳೆ?

"ಆಯ್ತು, ತಗಿಯೋಣು. ಆದ್ರ ಬಜಾರಿನ್ಯಾಗ ಕಾಲು ಚಾಚಿ ಕುಂದರೋದು ಬ್ಯಾಡ. ಕಾಲುಂಗುರ ತಗಿಯೋರು ಮುಂಡೇರು. ಇಲ್ಲೇ ಅದೀವಲ್ಲ ಇಬ್ರು."

ನನ್ನ ಗಂಡ ಸೂರಪ್ಪ ಹೋಗಿ ಬಹಳ ಕಾಲವಾಯಿತು. ನರಸಮ್ಮನ ಗಂಡನೂ ಇಲ್ಲ. ಅವಳನ್ನು ಕೂಗಿದೆ. ಅವಳು ಬಂದು ಮಂಗಳಾಳ ಹಿಮ್ಮಡಿಯನ್ನು ಒತ್ತಿ ಹಿಡಿದಳು, ನಾನು ಉಂಗುರ ಎಳೆದೆ. ಎಣ್ಣೆ ಬಟ್ಟಲು ಗೂಡಿನಲ್ಲೇ ಇತ್ತು. ಮಂಗಳಾ ಒಮ್ಮೆ ಅದರ ಕಡೆ ನೋಡಿದಳು. ನಾನೂ ನೋಡಿದೆ. ಕೊಡಿ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ, ನಾನು ಏಳಲಿಲ್ಲ. ಮಹಾರಾಯ್ತಿ ಕಿರುಚಲೂ ಇಲ್ಲ, ಸೆರಗು ಕಚ್ಚಿಕೊಂಡಳು. ಉಂಗುರದ ಜೊತೆಗೆ ಚರ್ಮವೂ ಬಂತು. ಎರಡನೇ ಕಾಲಿಗೂ ಹಾಗೆಯೇ ಮಾಡಿದೆ.

ಗಾಯ ಕೀವಾಯಿತು. ಹೊರಡುವ ದಿನ ಹತ್ತಿರವಾದಾಗ ತಂಡದ ಡಾಕ್ಟರು ಫೋನಿನಲ್ಲೇ ಕಾಲು ತೋರಿಸಿ ಎಂದರು. ನೋಡಿದರು. ಇಂಥ ಗಾಯ ಇಟ್ಟುಕೊಂಡು ಮಂಜಿಗೆ ಇಳಿದರೆ ಪಾದವೇ ಹೋಗುತ್ತದೆ, ನಿಮ್ಮ ಜಾಗಕ್ಕೆ ಬೇರೆಯವರನ್ನು ಕರೆಯುತ್ತೇವೆ ಎಂದರು.

"ವಾಸಿಯಾಗ್ತದೆ ಸಾರ್. ನಾನು ನಡೀತೀನಿ ಸಾರ್" ಎಂದು ಇವಳು ಅಂಗಲಾಚಿದಳು. ಆ ಕಡೆಯಿಂದ ಫೋನ್ ಇಟ್ಟರು.

ನಾನು ಮೂಲೆಯಲ್ಲಿ ಕುರಿ ಉಣ್ಣೆ ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು. ಆದರೂ ಮನೆಯ ಹಿರಿಯಳಲ್ಲವೇ, ಅರಿಶಿನ ಕಲಸಿಕೊಂಡು ಹೋಗಿ ಅವಳ ಕಾಲ ಬಳಿ ಕೂತೆ.

ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅತ್ತೆ, ಮಾವ ತೀರ್ಕಂಡ ದಿನ ನಿಮ್ಮ ಬೆರಳಿಗೆ ಎಣ್ಣೆ ಹಚ್ಚಿದ್ರಾ?"

ನರಸಮ್ಮನ ಕೈಯೇ ಹಚ್ಚಿದ್ದು. ನನಗೆ ನೋಯಬಾರದೆಂದು ಎಷ್ಟು ಹೊತ್ತು ತಿಕ್ಕಿದಳು!

"ಹಚ್ಚಿದ್ರು" ಅಂದೆ.

ಅವಳು ತಲೆಯಾಡಿಸಿದಳು. ಸೆರಗಿನ ಗಂಟು ಬಿಚ್ಚಿ ಎರಡೂ ಉಂಗುರಗಳನ್ನು ನನ್ನ ಅಂಗೈಯಲ್ಲಿ ಇಟ್ಟಳು.

"ಇಟ್ಕಳಿ. ನಾಳೆ ಮಗೀನ ಕರ್ಕಂಡು ಅಗಳಿಗೆ ಹೋಯ್ತೀನಿ. ಮುಂಡೇರು ತೆಗೆದ ಉಂಗುರ ನಾನು ಮತ್ತೆ ಹಾಕ್ಕಣಲ್ಲ. ನಿಮ್ಮ ಮಗ ಸತ್ತ ಅಂದ್ಕಳಿ."

ಮುತ್ತುರಾಜ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದ. ಅಲ್ಲ ಅನ್ನೋ, ನಾನಿನ್ನೂ ಬದುಕಿದ್ದೀನಿ ಅನ್ನೋ ಎಂದು ಅವನ ಮುಖ ನೋಡಿದೆ. ಅವನು ತಿರುಗಿ ಹಟ್ಟಿ ಕಡೆ ಹೋದ.