ಅಪ್ಪನ ಉತ್ತರಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆ ದಿನ ಅದು ಮೂಗು ದಾಟಿ ನೆತ್ತಿಗೇರಿತ್ತು. ಬೆಳಿಗ್ಗೆ ತೆರೆದು ನೋಡಿದರೆ ಅಪ್ಪನ ವೆಬ್‌ಸೈಟಿನಲ್ಲಿ ಹೊಲಿಗೆ ಮೆಷಿನ್ನಿನ ಚಿತ್ರದ ಬದಲು ಜೂಜಾಟದ ಜಾಹೀರಾತು ಕುಣಿಯುತ್ತಿತ್ತು. ಯಾರೋ ಕನ್ನ ಹಾಕಿದ್ದರು.

ಅಪ್ಪ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದವರು. ಅಂಗಡಿಗೆ ಬರಲಾಗದವರು ಆ ವೆಬ್‌ಸೈಟಿನಲ್ಲಿ ಪ್ರಶ್ನೆ ಬರೆಯುತ್ತಿದ್ದರು. ಅಪ್ಪ ಗದರಿಕೆ, ತಮಾಷೆ ಎಲ್ಲ ಸೇರಿಸಿ, ಎದುರಿಗೆ ಕೂತು ಮಾತಾಡಿದ ಹಾಗೆ ಉತ್ತರ ಬರೆಯುತ್ತಿದ್ದರು. ಹೋದ ವರ್ಷ ಲಕ್ವ ಹೊಡೆದು ಅವರ ಮಾತು ನಿಂತಿತು, ಬರೆಯುವ ಬಲಗೈಯೂ ಹೋಯಿತು. ಈಗ ಅಪ್ಪನ ಮಾತು ಎಂದು ಉಳಿದಿರುವುದು ಆ ಉತ್ತರಗಳು ಮಾತ್ರ.

ವೆಬ್‌ಸೈಟನ್ನು ಇಟ್ಟಿದ್ದ ಸರ್ವರ್ ಕಂಪನಿಗೆ ಫೋನ್ ಮಾಡಿದೆ. "ಪೂರ್ತಿ ಕೆಡಿಸಿಬಿಟ್ಟಿದಾರೆ ಮೇಡಂ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು. ಸಂಜೆಯೊಳಗೆ ನಿಮ್ಮದನ್ನೆಲ್ಲ ಕಾಪಿ ಮಾಡ್ಕೊಂಡು ಹೇಳಿ, ಅಳಿಸ್ತೀವಿ," ಎಂದರು.

ಬ್ಯಾಕಪ್ಪಿನ ಜವಾಬ್ದಾರಿ ಅಕ್ಕನ ಗಂಡನದು. ಭಾವ ಪೆನ್‌ಡ್ರೈವ್ ಹಿಡಿದು ನಗುನಗುತ್ತಾ ಬಂದರು.

"ಯಾಕಮ್ಮಾ ಟೆನ್ಷನ್? ಪ್ರತಿ ಭಾನುವಾರ ತಪ್ಪದೆ ಕಾಪಿ ಹೊಡೀತೀನಿ."

ತೆರೆದೆ. ಬಣ್ಣ ಇತ್ತು, ಶೀರ್ಷಿಕೆ ಇತ್ತು, ಚಿತ್ರಗಳಿದ್ದವು. ಉತ್ತರ ಒಂದೂ ಇಲ್ಲ.

"ಭಾವ, ಡೇಟಾಬೇಸ್ ಎಲ್ಲಿ?"

"ಫೋಲ್ಡರ್ ಪೂರ್ತಿ ಎತ್ಕೊಂಡಿದೀನಲ್ಲ!"

"ಅದು ಬರೀ ಡಬ್ಬ ಭಾವ, ಡಬ್ಬ! ಉತ್ತರ ಎಲ್ಲಾ ಇರೋದು ಡೇಟಾಬೇಸಲ್ಲಿ. ಇಷ್ಟು ದಿನ ಖಾಲಿ ಡಬ್ಬ ಹೊತ್ಕೊಂಡು ಬಂದಿದೀರಿ! ಹೋಗಲಿ, ಪಾಸ್‌ವರ್ಡ್ ಏನಿಟ್ಟಿದ್ರಿ?"

ಭಾವ ಸೂರು ನೋಡಿದರು. "ನನ್ನ ಮೊಬೈಲ್ ನಂಬರು. ಮರೆಯಲ್ಲ ಅಂತ."

ಆ ನಂಬರು ವೆಬ್‌ಸೈಟಿನ ಪ್ರತಿ ಪುಟದ ಕೆಳಗೂ 'ಸಂಪರ್ಕಿಸಿ' ಎಂಬಲ್ಲಿ ದಪ್ಪಕ್ಷರದಲ್ಲಿತ್ತು. ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ್ದರು ಮಹಾರಾಯರು.

"ಈಗ ಬದಲಾಯಿಸ್ಲಾ?"

"ಬದಲಾಯಿಸಿ, ಬದಲಾಯಿಸಿ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ!"

ಮೈಯೆಲ್ಲ ಉರಿಯುತ್ತಿತ್ತು. ಪುಣ್ಯಕ್ಕೆ ಡೇಟಾಬೇಸ್ ಇನ್ನೂ ಸರ್ವರಿನಲ್ಲೇ ಇತ್ತು. ನಾನೇ ಕೂತು ಅದನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. "ನೋಡಿ ಕಲೀರಿ," ಎಂದು ಭಾವನಿಗೆ ಹೇಳಿ, ಕಂಪನಿಯವರಿಗೆ ತಿಳಿಸಲು ಫೋನ್ ಎತ್ತಿದೆ.

ಮೂಲೆಯ ಕುರ್ಚಿಯಲ್ಲಿದ್ದ ಅಪ್ಪ ಎದ್ದರು. ಕಾಲೆಳೆಯುತ್ತಾ ಹೋಗಿ, ಎಡಗೈಯಲ್ಲಿ ಡ್ರಾಯರ್ ಎಳೆದು, ಒಂದು ಚಿಂದಿ ಬಟ್ಟೆ ತಂದು ನನ್ನ ಕೀಬೋರ್ಡಿನ ಮೇಲೆ ಇಟ್ಟರು. ಅಂಗಡಿಯಲ್ಲಿ ಯಾವ ಮೆಷಿನ್ ರಿಪೇರಿಯಾದರೂ ಚಿಂದಿಯ ಮೇಲೆ ಹೊಲಿದು ನೋಡದೆ ಅವರು ಯಾರ ಕೈಗೂ ಕೊಟ್ಟವರಲ್ಲ.

"ಅಪ್ಪಾ, ಈಗ ಬೇಡ. ಟೈಮಿಲ್ಲ." ಬಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅವರು ಮತ್ತೆ ಅಲ್ಲೇ ಇಟ್ಟರು. ಈ ಸಲ ಕೈ ತೆಗೆಯಲಿಲ್ಲ.

"ಫೈಲ್ ಬಂದಿದೆ ಅಪ್ಪಾ! ನಾನೇನು ಭಾವನ ಹಾಗಾ?"

ಕೈ ಅಲ್ಲಾಡಲಿಲ್ಲ. ಹಲ್ಲು ಕಡಿಯುತ್ತಾ ಆ ಕಾಪಿಯನ್ನು ತೆರೆದೆ. ತಾರೀಖುಗಳಿದ್ದವು. ಅಪ್ಪನ ಉತ್ತರ ಇರಬೇಕಾದ ಕಡೆಯೆಲ್ಲ ಸಾಲುಸಾಲು ಪ್ರಶ್ನೆ ಚಿಹ್ನೆ. ಕನ್ನಡ ಅಕ್ಷರ ಉಳಿಯುವ ಹಾಗೆ ಕಾಪಿ ಮಾಡುವುದನ್ನೇ ನಾನು ಮರೆತಿದ್ದೆ. ಬೈಯಲು ಬಾಯಿ ತೆರೆದೆ. ಬೈಸಿಕೊಳ್ಳಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಭಾವ, ಒಳ್ಳೆಯ ಮನುಷ್ಯ, ಕಿಟಕಿಯ ಕಡೆ ತಿರುಗಿ ನಿಂತರು.

ಸರಿಪಡಿಸಿ ಮತ್ತೆ ಇಳಿಸಿಕೊಂಡೆ. ಮತ್ತೆ ತೆರೆದೆ. ಅಕ್ಷರ ಮೂಡಿತು. ಜೋರಾಗಿ ಓದಿದೆ:

"ತಾಯೀ, ಮೆಷಿನ್ನಿಗೆ ಏನೂ ಆಗಿಲ್ಲ, ಅದನ್ನ ಬೈಬೇಡಿ ಪಾಪ. ನೀವು ಸೂಜಿ ತಿರುಗಾಮುರುಗಾ ಹಾಕಿದೀರಿ. ಸರಿ ಮಾಡಿ, ಮೊದಲು ಚಿಂದಿ ಮೇಲೆ ಹೊಲಿದು ನೋಡಿ. ಆಮೇಲೆ ಒಳ್ಳೆ ಬಟ್ಟೆ ಮುಟ್ಟಿ."

ಅಪ್ಪ ಬೆರಳಿನಲ್ಲಿ ತೋರಿಸಿದರು: ಇನ್ನೊಂದು. ಓದಿದೆ. ಇನ್ನೊಂದು. ಓದುತ್ತಲೇ ಹೋದೆ. ಸಾಕೆನಿಸಿದಾಗ ಅವರು ಚಿಂದಿಯನ್ನು ತೆಗೆದುಕೊಂಡು ಮಡಚಿ ಡ್ರಾಯರಿನೊಳಗೆ ಇಟ್ಟರು.

ಆಮೇಲೆ ಫೋನ್ ಎತ್ತಿ, "ಈಗ ಅಳಿಸಿ," ಎಂದೆ.