ರಾತ್ರಿ ಊಟವಿಲ್ಲದ ಮನೆ

ಮೂಡುಬಿದಿರೆಯ ಮುನಿರಾಜನಿಗೆ ಒಂದು ಒಳ್ಳೆಯ ಗುಣವಿತ್ತು. ಕೇಳಿದ ಮಾತನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಅರುವತ್ತೊಂದನೇ ಇಸವಿಯಲ್ಲಿ ಆ ಗುಣ ಅವನ ಹೆಂಡತಿಯನ್ನೂ ಮಗುವನ್ನೂ ಕೊಂದೇಬಿಡುವುದರಲ್ಲಿತ್ತು.

ಹೆಂಡತಿ ಅನಂತಮತಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಮಂಗಳೂರಿನ ಡಾಕ್ಟರರು ಕೊಟ್ಟ ಮಾತ್ರೆಯನ್ನು ದಿನಾ ಬೆಳಿಗ್ಗೆ ನುಂಗುತ್ತಿದ್ದಳು, ರೋಗ ತೆಪ್ಪಗಿತ್ತು. ಹೆತ್ತು ಬಾಣಂತನ ಮುಗಿಸಿ ಬಂಟ್ವಾಳದ ತವರಿನಿಂದ ಬಂದ ಮೇಲೆ ಅತ್ತೆ ರಾಜಮತಿಗೆ ಚಿಂತೆ ಹತ್ತಿತು.

"ಈ ಮದ್ದು ಹಾಲಿನಲ್ಲಿ ಮಗುವಿಗೆ ಹೋಗುದಿಲ್ವಾ?"

ಪ್ರಶ್ನೆ ದಡ್ಡತನದ್ದಲ್ಲ. ಮುನಿರಾಜ ಬಸ್ಸು ಹತ್ತಿ ಡಾಕ್ಟರರನ್ನೇ ಕೇಳಿಕೊಂಡು ಬಂದ.

"ಸ್ವಲ್ಪ ಹೋಗ್ತದಂತೆ. ಆದ್ರೆ ಮಾತ್ರೆಯನ್ನೂ ಬಿಡ್ಬಾರ್ದು, ಹಾಲನ್ನೂ ನಿಲ್ಲಿಸುದು ಬೇಡ. ಮಗು ಚೆನ್ನಾಗಿ ಚೀಪ್ತದಾ, ಮೈ ತುಂಬ್ತದಾ ನೋಡ್ಬೇಕು. ಎಬ್ಬಿಸಿದ್ರೂ ಏಳದೆ ಮಲಗಿದ್ರೆ ಕೂಡ್ಲೇ ಕರ್ಕೊಂಡು ಹೋಗ್ಬೇಕು. ಹೊತ್ತು ಮಾತ್ರ ಬದಲು. ಇನ್ನು ರಾತ್ರಿ ಊಟ ಆದ ಮೇಲೆ, ಮಗುವಿಗೆ ಹಾಲು ಕೊಟ್ಟು, ಒಂದು."

ಅವರದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ, ಆಮೇಲೆ ಬೆಳಗಾಗುವವರೆಗೆ ಒಂದು ಗುಟುಕು ನೀರೂ ಇಲ್ಲ. ರಾತ್ರಿ ಊಟ ಎಂಬುದೇ ಇಲ್ಲದಲ್ಲಿ ಅದರ ನಂತರದ ಮಾತ್ರೆ ಎಲ್ಲಿಂದ ಬರಬೇಕು? ಬೆಳಿಗ್ಗೆಯದನ್ನು ಡಾಕ್ಟರರೇ ಬದಲಿಸಿದ್ದರು, ರಾತ್ರಿಯದು ವ್ರತಕ್ಕೆ ಆಗದು; ಅನಂತಮತಿ ಮಾತ್ರೆ ನುಂಗುವುದನ್ನೇ ಬಿಟ್ಟಳು. ಹಾಲೂ ಚೊಕ್ಕ, ವ್ರತವೂ ಚೊಕ್ಕ ಎಂದು ಅತ್ತೆಗೆ ಸಮಾಧಾನ. ಮತ್ತೊಮ್ಮೆ ಕೇಳುವ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಒಂದೇ ಮನೆಯಲ್ಲಿ ಮೂವರು ಬುದ್ಧಿವಂತರಿದ್ದರೆ ಹೀಗೇ.

ಆ ವಾರವೇ ಬಚ್ಚಲಿನಲ್ಲಿ ಕಾಲು ಚಾಚಿ ಮಗುವಿಗೆ ನೀರು ಹಾಕುತ್ತಿದ್ದ ಅನಂತಮತಿಯ ಕಣ್ಣು ಮೇಲಾಯಿತು, ಮೈ ಸೆಟೆಯಿತು. ತಲೆ ಹಂಡೆಯ ಕಟ್ಟೆಗೆ ಬಡಿಯಿತು. ರಾಜಮತಿ ಓಡಿ ಬಂದು ಎತ್ತಿಕೊಳ್ಳುವಷ್ಟರಲ್ಲಿ ಮಗು ಮುಖ ಕೆಳಗಾಗಿ ನೀರಿನಲ್ಲಿ ಬಿದ್ದಿತ್ತು. ಅದು ಕೆಮ್ಮಿತು, ಕಿರುಚಿತು, ಬದುಕಿತು. ರಾಜಮತಿ ಜೀವಮಾನದಲ್ಲಿ ಅಷ್ಟು ಹೆದರಿರಲಿಲ್ಲ.

ಸೊಸೆಯನ್ನು ಮಂಗಳೂರಿಗೆ ಕರೆದುಕೊಂಡು ಹೋದಾಗ ಡಾಕ್ಟರರು ಸಿಡುಕಿದರು. "ಮಾತ್ರೆ ಯಾಕೆ ಬಿಟ್ಟದ್ದು?"

"ನಮ್ಮಲ್ಲಿ ರಾತ್ರಿ ಊಟ ಇಲ್ಲ ಡಾಕ್ಟ್ರೆ," ಎಂದಳು ರಾಜಮತಿ.

ಡಾಕ್ಟರರ ಸಿಡುಕು ಇಳಿಯಿತು. "ಅದು ನಾನು ಕೇಳ್ಬೇಕಿತ್ತು. ಸಂಜೆ ಊಟಕ್ಕೇ ಕೊಡಿ ಮಾರಾಯ್ರೆ. ಒಂದು ದಿನವೂ ತಪ್ಪಬಾರ್ದು. ಮತ್ತೆ, ಮಗುವನ್ನು ಮೀಯಿಸುದು ನೀವೇ."

ಅಂದಿನಿಂದ ಸಂಜೆಯ ಊಟದ ಬಟ್ಟಲಿನ ಪಕ್ಕದಲ್ಲೇ ಮಾತ್ರೆ. ಮಗು ಹಾಲು ಕುಡಿದು ದುಂಡಗಾಯಿತು.

ಒಮ್ಮೆ ಗಂಡ ಹೆಂಡತಿ ಮಗುವಿನೊಂದಿಗೆ ಬಂಟ್ವಾಳಕ್ಕೆ ಹೋಗಿ ಬರುವಾಗ ಬಸ್ಸು ಕೆಟ್ಟು ನಿಂತಿತು. ಮನೆ ಮುಟ್ಟಿದಾಗ ದೀಪ ಹಚ್ಚಿ ಆಗಿತ್ತು. ರಾಜಮತಿ ನೀರು, ಮಾತ್ರೆ ಹಿಡಿದು ಜಗಲಿಯಲ್ಲೇ ನಿಂತಿದ್ದಳು.

"ಇವತ್ತಿಗೆ ಬೇಡ ಅತ್ತೆ, ಹೊತ್ತು ಮುಳುಗಿತು," ಎಂದಳು ಅನಂತಮತಿ.

ರಾಜಮತಿ ಪಡುವಣಕ್ಕೆ ನೋಡಿದಳು. ಗುಡ್ಡವೂ ಕಾಣದಷ್ಟು ಕತ್ತಲೆ.

"ಯಾರು ಹೇಳಿದ್ದು? ಇನ್ನೂ ಮುಳುಗಲಿಲ್ಲ. ಬಾಯಿ ತೆರೆ."

"ಅಮ್ಮಾ, ದೀಪ ಹಚ್ಚಿ..." ಎಂದ ಮುನಿರಾಜ.

"ನೀನು ಸುಮ್ಮನಿರು."

ಸೊಸೆ ನುಂಗಿದಳು.

ಮಾರನೆಯ ದಿನ ರಾಜಮತಿ ಉಪವಾಸ ಕೂತಳು. ಪರ್ವದ ದಿನವಲ್ಲ, ಏನೂ ಅಲ್ಲ. ಯಾಕೆಂದು ಮಗ ಕೇಳಿದ.

"ಸುಳ್ಳು ಹೇಳಿದೆನಲ್ಲ, ಅದಕ್ಕೆ," ಎಂದಳು. "ನಾಳೆ ಬಸ್ಸು ಕೆಟ್ಟರೆ ಪುನಃ ಹೇಳ್ತೇನೆ."